ಬಾರದ ರೋಗಕ್ಕೆ ಚಿಕಿತ್ಸೆ: ಒಬ್ಬ ಶ್ರಾವಿಕೆಯ ಅನುಭವ

2003ರ ಭಾದ್ರಪದದಲ್ಲಿ ದಶಲಕ್ಷಣ ಪರ್ವದ ಹತ್ತೂ ದಿನ ನನ್ನ ಸೋದರತ್ತೆಯವರು ಏಕಾಶನ ವ್ರತವನ್ನು ಕೈಕೊಂಡಿದ್ದರು. ಪರ್ವ ಮುಗಿದ ಮೇಲೂ ಅವರು ಅದನ್ನು ಬಿಡಲಿಲ್ಲ. ದಿನಕ್ಕೆ ಒಂದೇ ಹೊತ್ತು, ಅದೂ ಅರ್ಧ ರೊಟ್ಟಿ, ಸ್ವಲ್ಪ ಪಲ್ಯ, ಒಂದು ಬಟ್ಟಲು ಮಜ್ಜಿಗೆ. ಇನ್ನಷ್ಟು ಬಡಿಸಹೋದರೆ "ಹೊಟ್ಟಿ ತುಂಬಿದಂಗ ಆಗತೈತಿ, ಬ್ಯಾಡವಾ" ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಹಳಿಯಾಳದಲ್ಲಿ ನಮ್ಮ ಸಮಾಜದ ಮನೆಗಳು ಹೆಚ್ಚಿಲ್ಲ. ಇದ್ದವರೆಲ್ಲರೂ ಅವರ ವೈರಾಗ್ಯವನ್ನು ಕೊಂಡಾಡಿದರು. ಬಸದಿಯಲ್ಲಿ ಶಾಲು ಹೊದಿಸಿ ಸನ್ಮಾನವನ್ನೂ ಮಾಡಲಾಯಿತು. ಆಗ ನಾನು ಮದುವೆಯಾಗಿ ಆ ಊರಿಗೆ ಬಂದು ಒಂದು ವರ್ಷವಾಗಿತ್ತು. ಅವರ ಪಾದ ಮುಟ್ಟಿ ನಮಸ್ಕರಿಸಿದವರಲ್ಲಿ ನಾನೂ ಒಬ್ಬಳು.

ಮರುವರ್ಷ ಜನವರಿಯ ಹೊತ್ತಿಗೆ ಅತ್ತೆಯ ಕೈಕಾಲು ಕಡ್ಡಿಯಂತಾಗಿ ಹೊಟ್ಟೆ ಮಾತ್ರ ದಿನದಿನಕ್ಕೆ ಉಬ್ಬಿತು. ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದಾಗ ಅಂಡಾಶಯದ ಕ್ಯಾನ್ಸರ್ ಹೊಟ್ಟೆಯ ಒಳಪೊರೆಯ ತುಂಬ ಹರಡಿದೆಯೆಂದು ತಿಳಿಯಿತು. ಸೂಜಿ ಹಾಕಿ ನೀರು ತೆಗೆದರು. ಹತ್ತು ದಿನಕ್ಕೆ ಮತ್ತೆ ತುಂಬಿತು. ಆಗಸ್ಟ್ ತಿಂಗಳಲ್ಲಿ, 49ನೆಯ ವಯಸ್ಸಿನಲ್ಲಿ, ಅವರು ಕಾಲವಾದರು. ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಉಬ್ಬರ ಬರುವುದು, ಹಸಿವು ಹೋಗುವುದು, ಇವೇ ಆ ರೋಗದ ಮೊದಲ ಲಕ್ಷಣಗಳೆಂದು ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಾವು ಶಾಲು ಹೊದಿಸಿದ್ದು ವ್ರತಕ್ಕಲ್ಲ, ರೋಗಕ್ಕೆ.

ಈ ಲೇಖನ ಅತ್ತೆಯವರನ್ನು ಕುರಿತದ್ದಲ್ಲ. ಅವರ ಮರಣದ 18 ವರ್ಷಗಳ ಮೇಲೆ, ಯಾವ ರೋಗವೂ ಇಲ್ಲದ ನಾನು ನನ್ನ ಎರಡೂ ಅಂಡಾಶಯಗಳನ್ನು, ಅಂಡನಾಳಗಳನ್ನು ಶಸ್ತ್ರಕ್ರಿಯೆಯಿಂದ ತೆಗೆಸಿಕೊಂಡೆ. ಅದು ಧರ್ಮಸಮ್ಮತವೇ ಎಂದು ನಮ್ಮವರು ಕೇಳಿದ್ದಾರೆ. ಹಿಂದೆ ಆಡಿಕೊಂಡವರೂ ಇದ್ದಾರೆ. ಈ ಪತ್ರಿಕೆಯನ್ನು ಮನೆಯ ಹೆಂಗಸರೂ ಬಸದಿಯ ಟ್ರಸ್ಟಿಗಳೂ ಓದುತ್ತಾರಾದ್ದರಿಂದ, ನಡೆದದ್ದನ್ನು ನನ್ನ ತಪ್ಪುಗಳ ಸಹಿತ ಇಲ್ಲಿ ಬರೆದಿದ್ದೇನೆ.

ನಮ್ಮ ತಂದೆಯವರ ಮನೆತನ ಹಳೆಯ ಸೂಪಾ ಊರಿನದು. ಅಜ್ಜನವರಿಗೆ ಅಲ್ಲಿ ಕಿರಾಣಿ ಅಂಗಡಿಯಿತ್ತು. ಕಾಳಿ ನದಿಗೆ ಅಣೆಕಟ್ಟು ಬಂದು ಊರು ನೀರಿನಡಿಯಾದಾಗ ಕುಟುಂಬ ಚದುರಿತು. ದೊಡ್ಡಪ್ಪನವರು ಮುಂಡಗೋಡಕ್ಕೆ ಹೋಗಿ ಬಟ್ಟೆ ಅಂಗಡಿ ಇಟ್ಟರು. ನಮ್ಮ ತಂದೆಯವರು ದಾಂಡೇಲಿಯಲ್ಲಿ ಕಾರ್ಖಾನೆಯ ಕೆಲಸಕ್ಕೆ ಸೇರಿದರು. ಅತ್ತೆಯವರನ್ನು ಹಳಿಯಾಳಕ್ಕೆ ಕೊಟ್ಟಿತ್ತು. ಅತ್ತೆಯ ಹಿರಿಯ ಮಗಳು ಮದುವೆಯಾಗಿ ಜೋಯಿಡಾದಲ್ಲಿದ್ದಾಳೆ. ಹೀಗೆ ಒಂದೇ ರಕ್ತ ನಾಲ್ಕು ತಾಲೂಕುಗಳಲ್ಲಿ ಹಂಚಿಹೋಯಿತು. ಅಜ್ಜಿಯವರು ಸೂಪಾದಲ್ಲಿಯೇ, 1978ರಲ್ಲಿ, 47ನೆಯ ವಯಸ್ಸಿಗೆ ತೀರಿಕೊಂಡಿದ್ದರು. ವೈದ್ಯರು 'ಜಲೋದರ' ಎಂದಿದ್ದರಂತೆ. ಕಾಗದಪತ್ರವೇನೂ ಉಳಿದಿಲ್ಲ. ಅಜ್ಜಿಯ ಹೊಟ್ಟೆಯೂ ಹಾಗೆಯೇ ಉಬ್ಬಿತ್ತೆಂಬುದು ತಂದೆಯವರ ನೆನಪಿನಲ್ಲಿತ್ತು, ಆದರೆ ಅದನ್ನು ಯಾರೂ ಕೇಳಿರಲಿಲ್ಲ. ಇಬ್ಬರು ಮಕ್ಕಳ ಬಾಣಂತನದಲ್ಲಿಯೂ ಆಮೇಲೆಯೂ ನನ್ನನ್ನು ಪರೀಕ್ಷಿಸಿದ ವೈದ್ಯರು "ತಾಯಿಗೆ, ತಾಯಿಯ ಅಕ್ಕತಂಗಿಯರಿಗೆ ಏನಾದರೂ ಇತ್ತೇ" ಎಂದು ಕೇಳಿದ್ದುಂಟು. ತಂದೆಯ ಕಡೆಯ ಮಾತನ್ನು ಒಬ್ಬರೂ ಎತ್ತಲಿಲ್ಲ. ಹೆಂಗಸರ ಕಾಯಿಲೆ ಹೆಂಗಸರ ಕಡೆಯಿಂದಲೇ ಬರುತ್ತದೆಂದು ನಾನೂ ನಂಬಿದ್ದೆ.

2019ರಲ್ಲಿ ಮುಂಡಗೋಡದ ದೊಡ್ಡಪ್ಪನವರ ಮಗಳಿಗೆ 38ನೆಯ ವಯಸ್ಸಿನಲ್ಲಿ ಸ್ತನದ ಕ್ಯಾನ್ಸರ್ ಕಾಣಿಸಿತು. ಅವಳನ್ನು ನೋಡಿದ ತಜ್ಞರು ವಯಸ್ಸನ್ನು ಕೇಳಿ, ಅಜ್ಜಿ ಅತ್ತೆಯರ ಕಥೆಯನ್ನು ಕೇಳಿ, ರಕ್ತವನ್ನು ವಂಶವಾಹಿ ಪರೀಕ್ಷೆಗೆ ಕಳಿಸಿದರು. ಬಿಆರ್‌ಸಿಎ-1 ಎಂಬ ವಂಶವಾಹಿಯಲ್ಲಿ ದೋಷವಿದೆಯೆಂದು ಉತ್ತರ ಬಂತು. ಆ ಹುಡುಗಿ ಚಿಕಿತ್ಸೆಯ ನಡುವೆ, ತಲೆಗೂದಲು ಹೋದ ಸ್ಥಿತಿಯಲ್ಲಿ, ತಾನೇ ಫೋನು ಮಾಡಿ ನನಗೆ ಹೇಳಿದಳು: "ನಿಂದೂ ಒಮ್ಮೆ ತೋರಿಸ್ಕೊ. ನನಗ ಹೇಳವರು ಯಾರೂ ಇರಲಿಲ್ಲ." ನಾನು ಒಂದೂವರೆ ವರ್ಷ ಸುಮ್ಮನಿದ್ದೆ. ಕೋವಿಡ್ ಕಾಲ ಎಂಬ ನೆಪವಿತ್ತು. ನಿಜವಾದ ಕಾರಣ ಅಂಜಿಕೆ. 2021ರಲ್ಲಿ ಪರೀಕ್ಷೆ ಮಾಡಿಸಿದೆ. ಅದೇ ದೋಷ ನನ್ನಲ್ಲಿಯೂ ಇತ್ತು. ಆಗ ನನಗೆ 40 ವರ್ಷ.

ಬೆಂಗಳೂರಿನ ಆನುವಂಶಿಕ ಸಲಹೆಗಾರ್ತಿಯೊಬ್ಬರು ಹಾಳೆಯ ಮೇಲೆ ನಮ್ಮ ವಂಶವೃಕ್ಷ ಬರೆದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಅಜ್ಜಿಯ ವೃತ್ತದಿಂದ ಗೆರೆ ಇಳಿದು ದೊಡ್ಡಪ್ಪನ ಚೌಕ, ನಮ್ಮ ತಂದೆಯ ಚೌಕ, ಅತ್ತೆಯ ವೃತ್ತಕ್ಕೆ ಬಂತು. ಗಂಡಸರಿಬ್ಬರೂ ಎಪ್ಪತ್ತು ದಾಟಿ ಗಟ್ಟಿಮುಟ್ಟಾಗಿದ್ದರು. ಆದರೆ ದೋಷ ಅವರನ್ನು ಹಾದು ಮಗಳಂದಿರಿಗೆ ಇಳಿದಿತ್ತು. ತಂದೆಯಿಂದಾಗಲಿ ತಾಯಿಯಿಂದಾಗಲಿ, ಪ್ರತಿ ಮಗುವಿಗೂ, ಹೆಣ್ಣಾಗಲಿ ಗಂಡಾಗಲಿ, ಇದು ಬರುವ ಸಾಧ್ಯತೆ ಅರ್ಧಕ್ಕರ್ಧ. ಈ ಒಂದು ವಾಕ್ಯವನ್ನು ಓದುಗರು ನೆನಪಿಡಬೇಕೆಂದು ಬೇಡಿಕೊಳ್ಳುತ್ತೇನೆ.

ಈ ವಂಶವಾಹಿಯ ಕೆಲಸವೇನೆಂದು ಕೇಳಿದೆ. ಜೀವಕೋಶದೊಳಗಿನ ಡಿಎನ್‌ಎ ಎಳೆ ತುಂಡಾದಾಗ ಅದನ್ನು ಸರಿಪಡಿಸುವ ವ್ಯವಸ್ಥೆಯಲ್ಲಿ ಇದಕ್ಕೊಂದು ಪಾತ್ರವಿದೆ. ಎಲ್ಲರಲ್ಲಿಯೂ ಇದರ ಎರಡು ಪ್ರತಿಗಳಿರುತ್ತವೆ. ನಮ್ಮಂಥವರಲ್ಲಿ ಹುಟ್ಟಿನಿಂದಲೇ ಒಂದು ಪ್ರತಿ ಕೆಟ್ಟಿರುತ್ತದೆ. ಯಾವುದೋ ಕೋಶದಲ್ಲಿ ಇನ್ನೊಂದೂ ಕೆಟ್ಟರೆ ಅಲ್ಲಿ ರಿಪೇರಿ ನಿಂತು ಕ್ಯಾನ್ಸರಿಗೆ ದಾರಿಯಾಗುತ್ತದೆ. ಮೇರಿ-ಕ್ಲೇರ್ ಕಿಂಗ್ ಎಂಬ ವಿದುಷಿ 1990ರಲ್ಲಿ ಇದು 17ನೆಯ ವರ್ಣತಂತುವಿನಲ್ಲಿದೆಯೆಂದು ತೋರಿಸಿದರು. 1994ರಲ್ಲಿ ವಂಶವಾಹಿಯೇ ಕೈಗೆ ಸಿಕ್ಕಿತು. ಅಮೆರಿಕದ ಕಂಪನಿಯೊಂದು ಇದರ ಮೇಲೆ ಪೇಟೆಂಟ್ ಪಡೆದು ವರ್ಷಗಟ್ಟಲೆ ಆ ದೇಶದಲ್ಲಿ ಪರೀಕ್ಷೆಯನ್ನು ತನ್ನ ಹಿಡಿತದಲ್ಲಿಟ್ಟುಕೊಂಡಿತ್ತು. 2013ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ನಿಸರ್ಗದಲ್ಲಿರುವ ವಂಶವಾಹಿಯನ್ನು ಯಾರೂ ಪೇಟೆಂಟ್ ಮಾಡಿಕೊಳ್ಳಲಾಗದೆಂದು ತೀರ್ಪಿತ್ತಿತು. ಪರಿಗ್ರಹಕ್ಕೆ ಎಲ್ಲೆಯೇ ಇಲ್ಲವೆಂದು ನಮ್ಮ ಆಚಾರ್ಯರು ಹೇಳುವಾಗ ಅವರ ಮನಸ್ಸಿನಲ್ಲಿ ಇಂಥದ್ದು ಇದ್ದಿರಲಾರದು.

ಇನ್ನು ಸಂಖ್ಯೆಗಳು. ಸಾಮಾನ್ಯ ಸ್ತ್ರೀಯರಲ್ಲಿ ಜೀವಮಾನದಲ್ಲಿ ಅಂಡಾಶಯದ ಕ್ಯಾನ್ಸರ್ ಬರುವುದು ನೂರಕ್ಕೆ ಸುಮಾರು ಒಬ್ಬರಿಗೆ. ಬಿಆರ್‌ಸಿಎ-1 ದೋಷವಿರುವವರಲ್ಲಿ 80 ವರ್ಷದೊಳಗೆ ನೂರಕ್ಕೆ 44 ಮಂದಿಗೆ ಬರುತ್ತದೆಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿದೆ. ಬಿಆರ್‌ಸಿಎ-2 ಇದ್ದವರಲ್ಲಿ 17. ಎರಡರಲ್ಲಿಯೂ ಸ್ತನದ ಕ್ಯಾನ್ಸರಿನ ಸಾಧ್ಯತೆ ನೂರಕ್ಕೆ 70ರ ಆಸುಪಾಸು. ಸ್ತನಕ್ಕಾದರೆ ವರ್ಷಕ್ಕೊಮ್ಮೆ ಎಂಆರ್‌ಐ ಮುಂತಾದ ತಪಾಸಣೆಯಿಂದ ಬೇಗ ಕಂಡುಹಿಡಿಯುವ ದಾರಿಯಿದೆ. ಅಂಡಾಶಯಕ್ಕೆ ಅದಿಲ್ಲ. ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡಿಸುತ್ತ ಕಾದಿದ್ದರೆ ಪ್ರಾಣ ಉಳಿಯುವುದೇ ಎಂದು ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಸ್ತ್ರೀಯರನ್ನು ವರ್ಷಗಟ್ಟಲೆ ಪರೀಕ್ಷಿಸಿ ನೋಡಿದರು. 2021ರಲ್ಲಿ ಬಂದ ಫಲಿತಾಂಶದಂತೆ ಮರಣದ ಪ್ರಮಾಣ ಕಡಿಮೆಯಾಗಲಿಲ್ಲ. ನನ್ನಂಥವರ ಮುಂದೆ ವೈದ್ಯರು ಇಡುವ ಸಲಹೆಯೆಂದರೆ, ಮಕ್ಕಳು ಸಾಕೆಂದ ಮೇಲೆ, ಬಿಆರ್‌ಸಿಎ-1 ಇದ್ದವರು 35ರಿಂದ 40, ಬಿಆರ್‌ಸಿಎ-2 ಇದ್ದವರು 40ರಿಂದ 45 ವಯಸ್ಸಿನೊಳಗೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಳ್ಳುವುದು. ಅಪಾಯ ಐದರಲ್ಲಿ ನಾಲ್ಕು ಪಾಲು ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ, ಹೊಟ್ಟೆಯ ಒಳಪೊರೆಯಲ್ಲಿ ಅಲ್ಪ ಸಾಧ್ಯತೆ ಉಳಿಯುತ್ತದೆ. ನನಗೆ ಗಡುವು ಆಗಲೇ ಮೀರಿತ್ತು.

ತಂದೆಯವರಿಗೆ ಹೇಳಿದ ದಿನ ನೆನಪಿದೆ. ದಾಂಡೇಲಿಯ ಮನೆಯ ಪಡಸಾಲೆಯಲ್ಲಿ ಕುಳಿತಿದ್ದರು. ಅತ್ತೆಯ ಸಾವಿನ ನಂತರ ಅವರು ಕಾರ್ಖಾನೆಯ ಹೊಗೆ, ಹೊಳೆಯ ನೀರು ಎಂದು ದೂರುತ್ತಲೇ ಬಂದವರು. ಅತ್ತೆ ದಾಂಡೇಲಿಯಲ್ಲಿ ಇದ್ದವರೇ ಅಲ್ಲ, ಆದರೂ ಹಾಗೆ ಹೇಳಿಕೊಂಡರೆ ಅವರಿಗೆ ಸಮಾಧಾನವಾಗುತ್ತಿತ್ತು. ವಂಶವೃಕ್ಷದ ಹಾಳೆಯನ್ನು ಬಹಳ ಹೊತ್ತು ನೋಡಿ, "ಹಂಗಾದ್ರ ನನ್ನಿಂದನ ಬಂತೇನವ್ವಾ ಇದು ನಿನಗ?" ಎಂದರು. ಏನು ಹೇಳಲಿ? "ನಿಮಗ ಅಜ್ಜಿಯಿಂದ, ಅಜ್ಜಿಗೆ ಇನ್ಯಾರಿಂದಲೋ" ಎಂದೆ. ಅವರು ಆ ರಾತ್ರಿ ಉಣ್ಣಲಿಲ್ಲ.

ಧರ್ಮದ ಪ್ರಶ್ನೆ ಎದ್ದದ್ದು ನಮ್ಮ ಅತ್ತೆಮನೆಯಲ್ಲಿ. ಗಂಡನ ತಾಯಿಯವರು ಕಟ್ಟುನಿಟ್ಟಿನ ಶ್ರಾವಿಕೆ. "ಕಾಯಿಲೆ ಇಲ್ಲದ ಮೈಗೆ ಕತ್ತಿ ಹಚ್ಚೂದಂದ್ರೇನು? ಬರೂದಿದ್ರ ಬರತೈತಿ, ಅದು ಕರ್ಮ" ಎಂದರು. ನಮ್ಮೂರಿನ ಪಂಡಿತರೊಬ್ಬರೂ ಇದನ್ನೇ ಶಾಸ್ತ್ರದ ಭಾಷೆಯಲ್ಲಿ ಹೇಳಿದರು: ಅಸಾತಾವೇದನೀಯದ ಉದಯವಾಗುವುದಿದ್ದರೆ ಶಸ್ತ್ರಕ್ರಿಯೆಯಿಂದ ತಪ್ಪೀತೇ?

ನಾನು ಶಾಸ್ತ್ರ ಬಲ್ಲವಳಲ್ಲ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಆದರೂ ಆ ಚಾತುರ್ಮಾಸವನ್ನೆಲ್ಲ ಕರ್ಮಸಿದ್ಧಾಂತವನ್ನು ಓದುವುದರಲ್ಲಿ ಕಳೆದೆ. ಕಟ್ಟಿದ ಕರ್ಮವೆಲ್ಲ ಒಂದೇ ರೀತಿಯಲ್ಲಿ ಫಲ ಕೊಟ್ಟೇ ತೀರುತ್ತದೆಂದು ನಮ್ಮ ಸಿದ್ಧಾಂತ ಹೇಳುವುದೇ ಇಲ್ಲ. ಸತ್ತೆಯಲ್ಲಿರುವ, ಇನ್ನೂ ಉದಯಕ್ಕೆ ಬಾರದ ಕರ್ಮವಿದೆ. ಅದರ ಸ್ಥಿತಿ ಅನುಭಾಗಗಳು ಕುಗ್ಗುವ ಅಪಕರ್ಷಣವಿದೆ. ಬೇರೆ ಪ್ರಕೃತಿಯಾಗಿ ಮಾರ್ಪಡುವ ಸಂಕ್ರಮಣವಿದೆ. ಬದಲಾಗದೆ ಇರುವುದು ನಿಕಾಚಿತ ಮಾತ್ರ. ಯಾವುದು ನಿಕಾಚಿತವೆಂದು ನಮಗೆ ತಿಳಿಯುವ ಬಗೆಯಿಲ್ಲದಿರುವಾಗ ಎಲ್ಲವೂ ನಿಕಾಚಿತವೆಂದು ಕೈಕಟ್ಟಿ ಕೂರುವುದು ನಿಯತಿವಾದವಾಗುತ್ತದೆ; ಮಹಾವೀರರ ಕಾಲದ ಆಜೀವಕರ ಮತ ಅದು, ನಮ್ಮದಲ್ಲ. ಹಾಗೆಂದು ವಂಶವಾಹಿಯೇ ಕರ್ಮ ಎಂದು ಸಮೀಕರಿಸುವವರ ಮಾತನ್ನೂ ನಾನು ಒಪ್ಪಲಾರೆ. ಇಂಥ ಲೇಖನಗಳು ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಪ್ರಯೋಗಶಾಲೆಯಲ್ಲಿ ಕಂಡದ್ದಕ್ಕೆಲ್ಲ ಶಾಸ್ತ್ರದ ಹೆಸರಿಡುವುದರಿಂದ ಶಾಸ್ತ್ರಕ್ಕೂ ವಿಜ್ಞಾನಕ್ಕೂ ಲಾಭವಿಲ್ಲ. ಬಿಆರ್‌ಸಿಎ-1 ಹೆಚ್ಚೆಂದರೆ ಒಂದು ನಿಮಿತ್ತ.

ಆಗ ನನಗೆ ಬಲ ಕೊಟ್ಟದ್ದು ಸಮಂತಭದ್ರಾಚಾರ್ಯರ ಕಥೆ. ಭಸ್ಮಕ ರೋಗ ಬಂದು ಮುನಿಚರ್ಯೆ ಅಸಾಧ್ಯವಾದಾಗ ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು; ಗುರುಗಳು ಕೊಡಲಿಲ್ಲ. ಮುನಿದೀಕ್ಷೆಯನ್ನು ಬದಿಗಿಟ್ಟಾದರೂ ರೋಗವನ್ನು ಕಳೆದುಕೊಂಡು ಬಾ, ನಿನ್ನಿಂದ ಆಗಬೇಕಾದ ಧರ್ಮಕಾರ್ಯವಿದೆ ಎಂದರೆಂದು ಸಂಪ್ರದಾಯ ಹೇಳುತ್ತದೆ. ಅದೇ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನದ ಸಂದರ್ಭಗಳನ್ನು ಹೇಳುವಾಗ ಪ್ರತೀಕಾರವೇ ಇಲ್ಲದ ರೋಗವನ್ನು ಸೇರಿಸಿದ್ದಾರೆ. ಪ್ರತೀಕಾರವಿದ್ದರೆ ಮಾಡಬೇಕೆಂದೇ ಅದರ ಅರ್ಥವಲ್ಲವೇ? ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಮಾಂಸ, ಮದ್ಯ, ಮಧುಗಳನ್ನು ಬಿಟ್ಟು ರಚಿಸಿದರು. ವೈದ್ಯವನ್ನು ಬಿಡಲಿಲ್ಲ, ವೈದ್ಯದೊಳಗಿನ ಹಿಂಸೆಯನ್ನು ಬಿಟ್ಟರು.

ಆ ವರ್ಷ ವಿಹಾರದಲ್ಲಿ ಬಂದಿದ್ದ ಮಾತಾಜಿಯವರೊಬ್ಬರ ಮುಂದೆ ಈ ವಿಷಯ ನಿವೇದಿಸಿದೆ. ಅವರು ಕರ್ಮದ ವ್ಯಾಖ್ಯಾನಕ್ಕೆ ಹೋಗಲಿಲ್ಲ. ಮಕ್ಕಳ ವಯಸ್ಸು ಕೇಳಿದರು. ಆಮೇಲೆ, "ಹೊಲಿಗೆ ಯಾವುದರಿಂದ ಹಾಕುತ್ತಾರೆ, ವಿಚಾರಿಸಿದೆಯಾ?" ಎಂದರು. ನಾನು ವಿಚಾರಿಸಿರಲಿಲ್ಲ.

ಆ ಪ್ರಶ್ನೆಯಿಂದ ಹಲವು ಸಂಗತಿಗಳು ಹೊರಬಿದ್ದವು. ನಮ್ಮ ಮನೆಗಳಲ್ಲಿ ಶಸ್ತ್ರಕ್ರಿಯೆಗೆ ಹೋಗುವವರು ಗಡ್ಡೆಗೆಣಸು ಹಾಕದ ಅಡಿಗೆಯ ಬುತ್ತಿ ಕಟ್ಟಿಕೊಳ್ಳುತ್ತಾರೆ. ಒಳಗೆ ಏನು ಸೇರುತ್ತದೆಂದು ಕೇಳುವುದಿಲ್ಲ. ಕ್ಯಾಟ್‌ಗಟ್ ಎಂಬ ಹೊಲಿಗೆಯ ದಾರವನ್ನು ಕುರಿ ಇಲ್ಲವೆ ದನದ ಕರುಳಿನಿಂದ ಮಾಡುತ್ತಾರೆ. ಅದಕ್ಕೆ ಬದಲಾಗಿ ಪಾಲಿಗ್ಲಾಕ್ಟಿನ್ ಮುಂತಾದ ಕೃತಕ ದಾರಗಳಿವೆ, ಅವೂ ತಾವಾಗಿಯೇ ಕರಗುತ್ತವೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಚುಚ್ಚುಮದ್ದು ಹಂದಿಯ ಕರುಳಿನಿಂದ ಬರುತ್ತದೆ. ಕ್ಯಾಪ್ಸೂಲಿನ ಹೊರಕವಚ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಎಲುಬುಗಳ ಜೆಲಟಿನ್. ಎಲುಬಿಗೆಂದು ಕೊಡುವ ಕೆಲವು ಕ್ಯಾಲ್ಸಿಯಂ ಗುಳಿಗೆಗಳು ಸಿಂಪಿಯ ಚಿಪ್ಪಿನವು. ಅಂಡಾಶಯ ತೆಗೆದ ಮೇಲೆ ಹಾರ್ಮೋನು ಬೇಕಾಗುತ್ತದಷ್ಟೆ. 1942ರಿಂದ ಅಮೆರಿಕದಲ್ಲಿ ಮಾರಾಟದಲ್ಲಿರುವ ಪ್ರೆಮರಿನ್ ಎಂಬ ಪ್ರಸಿದ್ಧ ಮಾತ್ರೆಯನ್ನು ಗಬ್ಬದ ಕುದುರೆಗಳ ಮೂತ್ರದಿಂದ ತೆಗೆಯುತ್ತಾರೆ, ಅದಕ್ಕಾಗಿ ಆ ಕುದುರೆಗಳನ್ನು ತಿಂಗಳುಗಟ್ಟಲೆ ಕಟ್ಟಿಹಾಕುತ್ತಾರೆ. ಸಸ್ಯಮೂಲದಿಂದ ತಯಾರಿಸಿದ ಎಸ್ಟ್ರಾಡಿಯಾಲ್ ಅಷ್ಟೇ ಕೆಲಸ ಮಾಡುತ್ತದೆ. ನಾನು ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋದಾಗ ಶಸ್ತ್ರವೈದ್ಯರು ಬೇಸರಿಸದೆ ಒಂದೊಂದಕ್ಕೂ ಉತ್ತರಿಸಿದರು. ದಾರ ಕೃತಕದ್ದು, ಹಾರ್ಮೋನು ಸಸ್ಯದ್ದು, ಕ್ಯಾಲ್ಸಿಯಂ ಗಣಿಯ ಸುಣ್ಣದ್ದು. ಹೆಪಾರಿನ್ ಬಗ್ಗೆ, "ಬೇಗ ಎದ್ದು ಓಡಾಡಿದರೆ ಬೇಡವಾಗಬಹುದು, ಬೇಕೇ ಆದರೆ ಕೊಡುತ್ತೇನೆ, ಆಗ ಬೇಡ ಎನ್ನಬಾರದು" ಎಂದರು. ಒಪ್ಪಿದೆ. ಬೇಕಾಗಲಿಲ್ಲ. ಬೇಕಾಗಿದ್ದರೆ ಚುಚ್ಚಿಸಿಕೊಳ್ಳುತ್ತಿದ್ದೆ, ಪ್ರಾಯಶ್ಚಿತ್ತವನ್ನೂ ಮಾಡಿಕೊಳ್ಳುತ್ತಿದ್ದೆ. ಮೈಯಿಂದ ಅಂಗ ತೆಗೆಸುವುದು ಹಿಂಸೆಯೇ ಎಂದು ಚರ್ಚಿಸಿದವರಲ್ಲಿ ಒಬ್ಬರೂ ಆ ಹಂದಿಯನ್ನು ನೆನೆಯಲಿಲ್ಲ, ಕುದುರೆಯನ್ನೂ ನೆನೆಯಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನನ್ನ ಕಥೆ ಕೇಳಿ ಎಷ್ಟೋ ಹೆಂಗಸರು "ಹಂಗಾದ್ರ ನಾವೂ ಚೀಲ ತೆಗೆಸಿಬಿಡೂಣೇನು?" ಎಂದಿದ್ದಾರೆ. ನಮ್ಮ ಸೀಮೆಯಲ್ಲಿ ಗರ್ಭಕೋಶ ತೆಗೆಸುವುದು ಹಲ್ಲು ಕೀಳಿಸಿದಷ್ಟು ಹಗುರವಾಗಿದೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅನಗತ್ಯವಾಗಿ ತೆಗೆದ ಸಂಗತಿ 2015ರಲ್ಲಿ ದೊಡ್ಡ ವಿವಾದವಾಗಿ ತನಿಖೆಗೆ ಒಳಗಾಯಿತು. ಬಿಳುಪು ಹೋಗುತ್ತದೆ, ಹೊಟ್ಟೆ ನೋವು ಎಂದು ಬಂದವರನ್ನು ಕ್ಯಾನ್ಸರಿನ ಹೆಸರು ಹೇಳಿ ಹೆದರಿಸಲಾಗಿತ್ತೆಂಬುದೇ ಮುಖ್ಯ ದೂರು. ಇಂಥ ಶಸ್ತ್ರಕ್ರಿಯೆಗಳ ಮೇಲೆ ನಿಗಾ ಇಡಬೇಕೆಂದು 2023ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿದೆ. ಕುಟುಂಬದ ಇತಿಹಾಸವನ್ನು ಕೇಳದೆ, ವಂಶವಾಹಿ ಪರೀಕ್ಷೆಯಿಲ್ಲದೆ, ಯೋಚಿಸಲು ಕಾಲ ಕೊಡದೆ "ಮುಂದೆ ಕ್ಯಾನ್ಸರ್ ಆದೀತು" ಎಂದವರ ಬಳಿಯಿಂದ ಎದ್ದು ಬರಬೇಕು. ನನ್ನ ಗರ್ಭಕೋಶವನ್ನು ತೆಗೆದಿಲ್ಲ, ಅದರ ಅಗತ್ಯವಿರಲಿಲ್ಲ. ಅದು ಬೇಕಾಗುವ ಬೇರೆ ವಂಶದೋಷವೊಂದಿದೆ, ಲಿಂಚ್ ಎಂಬ ಹೆಸರಿನದು; ಕರುಳು ಮತ್ತು ಗರ್ಭಕೋಶದ ಕ್ಯಾನ್ಸರುಗಳು ಒಂದೇ ಮನೆತನದಲ್ಲಿ ಕಾಣುತ್ತವೆ. ಅದರ ಕಥೆಯೂ ಒಬ್ಬ ಹೆಂಗಸಿನಿಂದಲೇ ಶುರುವಾಯಿತು. 1895ರಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ ಪೌಲೀನ್ ಗ್ರೋಸ್ ಎಂಬ ದರ್ಜಿ ಕೆಲಸದಾಕೆ ವಾರ್ಥಿನ್ ಎಂಬ ವೈದ್ಯರಿಗೆ, ತನ್ನ ಮನೆತನದವರೆಲ್ಲ ಹೀಗೆಯೇ ಸಾಯುತ್ತಾರೆ, ತಾನೂ ಹಾಗೆಯೇ ಸಾಯುವೆನೆಂದು ಹೇಳಿದಳು. ಅವಳು ಕೊಟ್ಟ ಬಂಧುಗಳ ವಿವರಗಳ ಆಧಾರದ ಮೇಲೆ ಆತ 1913ರಲ್ಲಿ ಬರೆದರು. ಮುಂದೆ ಆಕೆ ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡಳು. ಯಾರು ಯಾವುದರಿಂದ ಸತ್ತರೆಂಬುದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು, ಕೇಳಿ ಬರೆದುಕೊಳ್ಳುವವರಿರಲಿಲ್ಲ.

2022ರ ನವೆಂಬರಿನಲ್ಲಿ, ಚಾತುರ್ಮಾಸ ಮುಗಿದ ಮೇಲೆ, ಶಸ್ತ್ರಕ್ರಿಯೆಯಾಯಿತು. ಹೊಟ್ಟೆಯ ಮೇಲೆ ಮೂರು ಸಣ್ಣ ರಂಧ್ರಗಳು, ಮರುದಿನ ಮನೆಗೆ. ತೆಗೆದ ಅಂಗಗಳನ್ನು, ಅದರಲ್ಲಿಯೂ ಅಂಡನಾಳದ ತುದಿಯನ್ನು, ಬಹು ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ಕ್ಯಾನ್ಸರುಗಳಲ್ಲಿ ಬಹಳಷ್ಟು ಮೊದಲು ಹುಟ್ಟುವುದು ಅಲ್ಲಿಯೇ ಎಂದು ಈ ಶತಮಾನದಲ್ಲಿ ತಿಳಿದುಬಂದಿದೆ. ಎರಡು ವಾರಗಳಲ್ಲಿ ವರದಿ ಬಂತು. ಏನೂ ಇರಲಿಲ್ಲ.

"ನೋಡು, ಏನೂ ಇರಲಿಲ್ಲಲ್ಲ" ಎಂದರು ನಮ್ಮ ಅತ್ತೆಯವರು. ಅವರಿಗೆ ಸಂತೋಷವೂ ಆಗಿತ್ತು, ತಾವು ಹೇಳಿದ್ದೇ ನಿಜವಾಯಿತೆಂಬ ಧ್ವನಿಯೂ ಇತ್ತು. ನಾನೇನು ಉತ್ತರ ಕೊಡಲಿ? ನೂರರಲ್ಲಿ ರೋಗ ಬರುವ 44 ಮಂದಿಯಲ್ಲಿ ನಾನಿದ್ದೆನೋ, ಬಾರದ 56 ಮಂದಿಯಲ್ಲಿದ್ದೆನೋ, ಇನ್ನು ಯಾವ ಕೇವಲಿಯೂ ಇಲ್ಲದ ಈ ಕಾಲದಲ್ಲಿ ಹೇಳುವವರಾರು? ಆಮೇಲಿನ ವರ್ಷ ಸುಲಭವಾಗಿರಲಿಲ್ಲ. ಹತ್ತು ವರ್ಷಗಳಲ್ಲಿ ನಿಧಾನವಾಗಿ ಬರಬೇಕಾದದ್ದು ಒಂದು ವಾರದಲ್ಲಿ ಬಂತು. ಪಾಠ ಮಾಡುತ್ತಿದ್ದಾಗ ಮೈಯೆಲ್ಲ ಬೆಂಕಿ ಬಿದ್ದಂತಾಗಿ ಬೆವರು ಸುರಿಯುವುದು, ರಾತ್ರಿ ನಿದ್ರೆಯಿಲ್ಲದಿರುವುದು, ಮಕ್ಕಳ ಮೇಲೆ ರೇಗುವುದು. ಸಾಮಾಯಿಕಕ್ಕೆ ಕುಳಿತರೆ ಮನಸ್ಸು ನಿಲ್ಲುತ್ತಿರಲಿಲ್ಲ. ಹಾರ್ಮೋನು ಮಾತ್ರೆಗಳಿಂದ ಬಹುಮಟ್ಟಿಗೆ ಇಳಿಯಿತು. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಅವನ್ನು ಮುಂದುವರಿಸಬಹುದೆಂದಿದ್ದಾರೆ. ಸ್ತನದ ಕ್ಯಾನ್ಸರ್ ಆಗಿಹೋದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಎಲುಬಿನ ಸಾಂದ್ರತೆಯನ್ನು ಆಗಾಗ ನೋಡಿಸಬೇಕು. ಸ್ತನದ ತಪಾಸಣೆಗೆ ವರ್ಷಕ್ಕೊಮ್ಮೆ ಹೋಗುತ್ತೇನೆ. ಹಾಲಿವುಡ್ ನಟಿ ಏಂಜಲಿನಾ ಜೋಲಿ 2013ರಲ್ಲಿ ಸ್ತನಗಳನ್ನು, 2015ರಲ್ಲಿ ಅಂಡಾಶಯಗಳನ್ನು ತೆಗೆಸಿಕೊಂಡು ಬಹಿರಂಗವಾಗಿ ಬರೆದರಲ್ಲ, ಅಷ್ಟು ದೂರ ಹೋಗುವ ಧೈರ್ಯ ನನಗೆ ಬಂದಿಲ್ಲ.

ಇನ್ನು ನನ್ನ ತಪ್ಪಿನ ಮಾತು. ಹಳಿಯಾಳದ ಅತ್ತೆಯ ಕಿರಿಯ ಮಗಳಿಗೆ ಆಗ 29 ವರ್ಷ, ಒಂದು ಸಂಬಂಧ ಬಹುತೇಕ ಗೊತ್ತಾಗಿತ್ತು. ನನ್ನ ಫಲಿತಾಂಶ ಬಂದ ಮೇಲೆ ಅವಳಿಗೂ ಜೋಯಿಡಾದ ಅವಳ ಅಕ್ಕನಿಗೂ ತಿಳಿಸಿದೆ; ತಿಳಿಸದಿದ್ದರೆ ಅವರ ತಾಯಿಯ ಎಲೆಯ ಮುಂದೆ ನಮಸ್ಕರಿಸಿದ ಪಾಪವೇ ಮತ್ತೆ. ಕಿರಿಯಳು, "ಮದುವಿ ಆಗಲಿ, ಆಮ್ಯಾಲ ನೋಡ್ತೀನಿ. ಯಾರ ಮುಂದೂ ಹೇಳಬ್ಯಾಡ ಅಕ್ಕಾ" ಎಂದಳು. ಮಾತು ಕೊಟ್ಟೆ. ಕುಟುಂಬದಲ್ಲಿ ದೋಷ ಯಾವುದೆಂದು ಒಮ್ಮೆ ಗೊತ್ತಾದರೆ ಉಳಿದವರಿಗೆ ಅದೊಂದನ್ನೇ ಹುಡುಕಿದರೆ ಸಾಕು, ಖರ್ಚು ಬಹಳ ಕಡಿಮೆ. ಆದರೂ ಜೋಯಿಡಾದವಳಿಗೆ ಅದೂ ಭಾರವಾಗಿತ್ತು. ಅವಳಿಗೆಂದು ನಾನು ಒಂದು ಬಸದಿಯ ಟ್ರಸ್ಟಿಗೆ ಔಷಧದಾನ ನಿಧಿಯಿಂದ ನೆರವು ಕೇಳಿ ಅರ್ಜಿ ಬರೆದೆ. ಅರ್ಜಿಯಲ್ಲಿ ವಿವರ ಕೊಡಬೇಕಲ್ಲ, ಕುಟುಂಬದ ಹೆಸರು, ರೋಗದ ಹೆಸರು, ಎಲ್ಲವನ್ನೂ ಬರೆದೆ. ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ನಿಧಿ ರೋಗಿಗಳಿಗೆ ಮಾತ್ರ, ರೋಗವಿಲ್ಲದವರಿಗೆ ಕೊಡುವ ನಿಯಮವಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ಎಂಟು ದಿನಗಳಲ್ಲಿ ವರನ ಕಡೆಯವರಿಂದ ಕಾರಣ ಹೇಳದೆ ಸಂಬಂಧ ಬೇಡವೆಂದು ಸುದ್ದಿ ಬಂತು.

ಟ್ರಸ್ಟಿಗಳನ್ನು ನಾನು ದೂರುವುದಿಲ್ಲ. ಮಾತು ಕೊಟ್ಟವಳು ನಾನು, ಬರೆದವಳೂ ನಾನು. ಸತ್ಯಾಣುವ್ರತದಲ್ಲಿ ಇನ್ನೊಬ್ಬರ ಗುಟ್ಟನ್ನು ಹೊರಗೆಡಹುವುದನ್ನು ಅತಿಚಾರವೆಂದೇ ಎಣಿಸಿದ್ದಾರೆ. ನನ್ನ ದೇಹದ ಸತ್ಯವನ್ನು ಹೇಳುವ ಹಕ್ಕು ನನಗಿತ್ತು; ಅದನ್ನು ಹೇಳುವಾಗ ಅವಳದನ್ನೂ ಹೇಳಿದಂತಾಯಿತು. ವಂಶವಾಹಿಯ ವಿಷಯದಲ್ಲಿ ಈ ಎರಡನ್ನು ಬಿಡಿಸುವುದು ಹೇಗೆಂದು ನನಗೆ ಇಂದಿಗೂ ಪೂರ್ತಿ ಹೊಳೆದಿಲ್ಲ. ಟ್ರಸ್ಟುಗಳು ಒಂದಿಷ್ಟು ಮಾಡಬಹುದು: ಇಂಥ ಅರ್ಜಿಗಳನ್ನು ಹೆಸರಿಲ್ಲದೆ ಒಬ್ಬ ವೈದ್ಯರ ಪತ್ರದ ಮೇಲೆ ತೆಗೆದುಕೊಳ್ಳಬಹುದು, ಹಣವನ್ನು ನೇರವಾಗಿ ಪ್ರಯೋಗಶಾಲೆಗೆ ಕಟ್ಟಬಹುದು. ಅತ್ತೆಯ ಕೊನೆಯ ಆರು ತಿಂಗಳ ಆಸ್ಪತ್ರೆಯ ಖರ್ಚಿಗೆ ಸಮಾಜದವರು ಕೂಡಿಸಿಕೊಟ್ಟ ಹಣದಲ್ಲಿ ಇಂಥ ಪರೀಕ್ಷೆಗಳು ಎಷ್ಟೋ ಆಗುತ್ತಿದ್ದವು.

ಜೋಯಿಡಾದ ತಂಗಿ ಕೊನೆಗೆ ಬಂಗಾರದ ಬಳೆ ಅಡವಿಟ್ಟು ಪರೀಕ್ಷೆ ಮಾಡಿಸಿದಳು. ಅವಳಿಗೆ ದೋಷ ಬಂದಿಲ್ಲ. ಅವಳ ಮಕ್ಕಳಿಗೂ ಇನ್ನು ಆ ಚಿಂತೆಯಿಲ್ಲ. ಫೋನಿನಲ್ಲಿ ಹೇಳುವಾಗ ಅವಳು ಅಳುತ್ತಿದ್ದಳು. "ಅವ್ವನ ಏನೂ ನನ್ನ ಹತ್ರ ಇಲ್ಲ ಅಂದಂಗಾತು" ಎಂದಳು. ಮುಂಡಗೋಡದವಳು ಚಿಕಿತ್ಸೆ ಮುಗಿಸಿ, ಅಂಡಾಶಯಗಳನ್ನೂ ತೆಗೆಸಿ, ಅಂಗಡಿಯಲ್ಲಿ ಕೂರುತ್ತಾಳೆ. ನನ್ನ ಮಗಳು 2006ರಲ್ಲಿ ಹುಟ್ಟಿದವಳು, ಮಗ ನಾಲ್ಕು ವರ್ಷ ಚಿಕ್ಕವನು. ಇಬ್ಬರಿಗೂ ಹೇಳಿದ್ದೇನೆ. ಅವಸರವಿಲ್ಲ, 25ರ ಹೊತ್ತಿಗೆ ತಾವೇ ನಿರ್ಧರಿಸಲಿ ಎಂದು ಸಲಹೆಗಾರ್ತಿಯವರ ಅಭಿಪ್ರಾಯ.

ಕಿರಿಯಳು ಎರಡು ವರ್ಷ ನನ್ನೊಡನೆ ಮಾತು ಬಿಟ್ಟಿದ್ದಳು. 2023ರ ಕೊನೆಗೆ ಅವಳಿಗೆ ಮದುವೆಯಾಯಿತು. ವರನಿಗೆ ಅವಳೇ ಎಲ್ಲವನ್ನೂ ಮೊದಲೇ ಹೇಳಿದಳಂತೆ. ಪರೀಕ್ಷೆಯನ್ನು ಇನ್ನೂ ಮಾಡಿಸಿಕೊಂಡಿಲ್ಲ. 2024ರ ದಶಲಕ್ಷಣ ಪರ್ವದಲ್ಲಿ ಅವಳು ಏಕಾಶನ ಹಿಡಿದಿದ್ದಾಳೆಂದು ಬಸದಿಯಲ್ಲಿ ಯಾರೋ ಮೆಚ್ಚಿ ಹೇಳಿದರು. ಆ ದಿನವೇ ಫೋನು ಮಾಡಿದೆ. ವ್ರತ ಹೇಗೆ ನಡೆದಿದೆ ಎಂದು ಕೇಳಲಿಲ್ಲ. ಹಸಿವಾಗುತ್ತದೆಯೇ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾಳ ಹಸಿವಾಗತೈತಿ ಅಕ್ಕಾ. ಸಂಜಿ ಆದ್ರ ತಡಿಯಾಕ ಆಗೂದಿಲ್ಲ" ಎಂದಳು.